ಕಾಕಾನ ಕಾರು ಗುಜರಿಗೆ ಹೋಗದೆ ಉಳಿದದ್ದು

ಕಲಬುರಗಿಯ ಸಮಸ್ತ ಸ್ನೇಹಿತ ಮಹಾಶಯರ ದಿವ್ಯ ಸನ್ನಿಧಾನಕ್ಕೆ, ಕಾರಿನ ಅಡಿಯಿಂದ ಈಗತಾನೆ ಎದ್ದುಬಂದ ಸೇವಕನ ಸಾಷ್ಟಾಂಗ ನಮಸ್ಕಾರ!

ಟಕ್ ಟಕ್ ಸಪ್ಪಳ ಮಾಡುತ್ತಿದ್ದ ಕಾಕಾನ ಹಳೇ ಕಾರಿನ ಮುಂದಿನ ಚಕ್ರಗಳಿಗೆ ಹೊಸ ಬಾಲ್ ಜಾಯಿಂಟ್ ಬಿದ್ದಿದ್ದವು. ಇಂದು ಕೆಂಪು ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೊರಟೆವು.

“ನಾನೇ ಹಾಕೀನಿ ಕಾಕಾ, ಇನ್ನ ಸಪ್ಪಳ ಬರಂಗಿಲ್ಲ” ಎಂದೆ.

“ಬಂದ್ರ ನಾಳೆನೇ ಗಾಡಿ ಗುಜರಿಗೆ ನೋಡಪ” ಎಂದರು ಕಾಕಾ.

ಊರು ದಾಟುತ್ತಲೇ ಟಕ್ ಟಕ್. “ಕೇಳಸಾಕತ್ತದೇನೋ ಮೇಸ್ತ್ರಿ?” ಎನ್ನುತ್ತ ಗಾಡಿ ನಿಲ್ಲಿಸಿದರು.

ಕೆಳಗೆ ತೂರಿ ನೋಡಿದೆ, ನಟ್ಟೆಲ್ಲ ಭದ್ರ. ಡಿಕ್ಕಿ ತೆರೆದರೆ, ಹೊಸದು ಹಾಕಿದ್ದಕ್ಕೆ ಪುರಾವೆಯೆಂದು ಇಟ್ಟಿದ್ದ ಹಳೇ ಜಾಯಿಂಟುಗಳು ತಗಡಿನ ಡಬ್ಬಿಯಲ್ಲಿ ಉರುಳಾಡುತ್ತಿದ್ದವು.

“ಕಿತ್ತು ಹಾಕಿದ್ರೂ ಬೆನ್ನು ಬಿಡವಲ್ಲವು!” ಕಾಕಾ ನಕ್ಕರು. ಕಾರು ಉಳಿಯಿತು.

ಒಂದು ಸಣ್ಣ ನಿವೇದನೆ: ಜಾಯಿಂಟ್ ಕೂರಿಸಿದ್ದು ರೋಜಾ ಬಡಾವಣೆಯ ಗ್ಯಾರೇಜಿನ ಮೇಸ್ತ್ರಿ. ಡಿಕ್ಕಿಯಲ್ಲಿ ಡಬ್ಬಿ ಇಟ್ಟದ್ದು ಮಾತ್ರ ನಾನು.