ಕಂಬಳಿಯ ಕೆಳಗಿನ ನೀಲಿ ಉರಿ

ನಾನು ಬಿ.ಎಸ್ಸಿ. ಪಾಸಾದವನು. ಈಗ ಹೀಗೆ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಎಪ್ಪತ್ತರ ದಶಕದಲ್ಲಿ ರಾಮದುರ್ಗದ ಕಡೆಯ ನಮ್ಮ ಕೇರಿಯಲ್ಲಿ ಆ ಮಾತು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಇದ್ದ ಒಂದು ಜೊತೆ ಬಟ್ಟೆಯನ್ನು ಒಗೆದು ಹಾಕಿ, ಅದು ಒಣಗುವ ತನಕ ಟವೆಲ್ಲು ಸುತ್ತಿಕೊಂಡು ಪುಸ್ತಕ ಹಿಡಿದು ಕೂತು ಗಳಿಸಿದ ಡಿಗ್ರಿ ಅದು. ಅದರ ಬಗ್ಗೆ ಅಭಿಮಾನ ಆಗಲೂ ಇತ್ತು, ಈಗಲೂ ಇದೆ.

ಆದರೆ ಕಲಿತದ್ದೆಲ್ಲ ಬಾಯಿಪಾಠ. ಮೀಥೇನ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ಅದು ನೀಲಿ ಜ್ವಾಲೆಯಿಂದ ಉರಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಕಣ್ಣಿಂದ ಕಂಡಿರಲಿಲ್ಲ. ಕಂಡದ್ದು ಮುನವಳ್ಳಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾದ ಮೇಲೆ.

ಆ ಶಾಲೆಗೆ ಒಂದು ಬೋರ್ಡಿಂಗ್ ಇತ್ತು. ದೂರದ ಹಳ್ಳಿಗಳ ಹುಡುಗರು ಅಲ್ಲಿಯೇ ಉಂಡು ಮಲಗುತ್ತಿದ್ದರು. ಅಡುಗೆ ಮಾಡುತ್ತಿದ್ದವಳು ಒಬ್ಬ ಮುದುಕಿ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅಡುಗೆಮನೆಯ ಮೂಲೆಯೇ ಅವಳ ಮನೆ. ಅಲ್ಲಿ ಎರಡು ದೊಡ್ಡ ಒಲೆ, ಒಂದೇ ಕಿಟಕಿ. ಮಳೆಗಾಲದಲ್ಲಿ ಹಸಿ ಜಾಲಿ ಕಟ್ಟಿಗೆ, ಅರೆ ಒಣಗಿದ ಸಗಣಿ ಕುಳ್ಳು. ಆ ಹೊಗೆಯಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದು ಅವಳ ಕಣ್ಣುಗಳು ಕೆಂಪಾಗಿ ಸದಾ ಸೋರುತ್ತಿದ್ದವು. ಸವದತ್ತಿಯ ಡಾಕ್ಟರು ನೋಡಿ, ಹೊಗೆ ಬಿಡದಿದ್ದರೆ ಕಣ್ಣು ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದರು. ಅದೇ ವಾರ ಆಯಿಗೆ ಕಾಣದೆ ಸಾರಿನಲ್ಲಿ ಹುಳ ಬಂತು. ಹೆಡ್‍ಮಾಸ್ತರರು ಕೆಟ್ಟವರಲ್ಲ, ಆದರೆ ಅವರ ಮೇಲೆ ಶಾಲೆಯ ಕಮಿಟಿಯವರಿದ್ದರು.

"ದೀಪಾವಳಿ ತನಕ ಇರಲಿ. ಆಮ್ಯಾಲೆ ಬ್ಯಾರೆ ಅಡಗಿಯವನ್ನ ನೋಡಬೇಕಾಗತೈತಿ," ಎಂದರು ನನಗೆ.

"ಆಯಿ ಎಲ್ಲಿ ಹೋಗಬೇಕ್ರಿ ಸರ?"

"ಅದನ್ನ ನನ್ನ ಕೇಳಬ್ಯಾಡ್ರಿ. ನನಗೂ ನಿದ್ದಿ ಹತ್ತೂದಿಲ್ಲ."

ಆ ದಿನಗಳಲ್ಲಿ ತಾಲೂಕಿನವರು ಗೋಬರ್ ಗ್ಯಾಸಿನ ಪ್ರಚಾರ ನಡೆಸಿದ್ದರು. ಕುಣಿ ತೋಡಿ ಕಟ್ಟಿಕೊಂಡರೆ ಮೇಲಿನ ಕಬ್ಬಿಣದ ಡ್ರಮ್ಮು ಅವರೇ ಕೊಡುತ್ತಾರೆ ಎಂದು ತಿಳಿಯಿತು. ಒಂಬತ್ತನೆಯ ಇಯತ್ತೆಯ ವಿಜ್ಞಾನದ ತಾಸಿನಲ್ಲಿ ನಾನು ಹಲಗೆಯ ಮೇಲೆ ಅದರ ಚಿತ್ರ ಬರೆದೆ. ಕುಳ್ಳು ಸುಟ್ಟರೆ ಹೊಲದ ಗೊಬ್ಬರವನ್ನೇ ಸುಟ್ಟಂತೆ. ಕಟ್ಟಿಗೆ ಕಡಿದರೆ ಗುಡ್ಡ ಬೋಳಾಗುತ್ತದೆ. ಈ ಕುಣಿಯಲ್ಲಿ ಹಾಕಿದ ಹೆಂಡಿ, ಅಂದರೆ ಸಗಣಿ, ಮೊದಲು ಉರಿ ಕೊಡುತ್ತದೆ, ಹೊರಬಿದ್ದ ರಾಡಿ ಮತ್ತೆ ಗೊಬ್ಬರವಾಗುತ್ತದೆ ಎಂದು ವಿವರಿಸಿದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಊರಿನ ಒಕ್ಕಲುತನದ ಮನೆಯವಳು, ಬಾಯಿ ಜೋರು. "ಅಂದರ ಸರ, ಒಂದ ಹೆಂಡಿ ಎರಡ ಸಲ ದುಡಿತೈತೇನ್ರಿ?"

"ಹೌದವಾ."

"ಹಂಗಾರ ನಮ್ಮ ಅಣ್ಣಗಿಂತ ಹೆಂಡಿನ ಚಲೋ ಬಿಡ್ರಿ."

ಇಡೀ ವರ್ಗ ನಕ್ಕಿತು. ನಗು ನಿಂತ ಮೇಲೆ ಅವಳೇ ಕೇಳಿದಳು. "ಇದನ್ನ ನಮ್ಮ ಆಯಿಗೆ ಮಾಡಿದರ ಹೊಗಿ ತಪ್ಪತೈತಲ್ರಿ?" ನಾನು ಹೇಳಬೇಕೆಂದಿದ್ದ ಮಾತು ಅವಳ ಬಾಯಿಂದ ಬಂದಿತ್ತು.

ಕೈಕೆಲಸ ಕಲಿಸುವ ಉದ್ಯೋಗದ ತಾಸಿನಲ್ಲಿ ಕುಣಿ ತೋಡಿದೆವು. ಮೇಲೆ ಕಪ್ಪು ಎರಿ ಮಣ್ಣು, ಕೆಳಗೆ ಗರಸು ಕಲ್ಲು. ಹುಡುಗರು ಹಾರೆ ಹಾಕಿದರು, ಹುಡುಗಿಯರು ಬುಟ್ಟಿ ಹೊತ್ತರು, ಗೌಂಡಿಯೊಬ್ಬ ಬಂದು ಇಟ್ಟಂಗಿ ಕಟ್ಟಿಕೊಟ್ಟ. ಡ್ರಮ್ಮು ಚಕ್ಕಡಿಯಲ್ಲಿ ಬಂತು. ಎಷ್ಟು ಭಾರವೆಂದರೆ, ಅದನ್ನು ಬೋರಲಾಗಿ ಕುಣಿಗೆ ಇಳಿಸುವಾಗ ದೊಡ್ಡ ಹುಡುಗರೆಲ್ಲ ಹಗ್ಗ ಹಿಡಿದರೂ ಕೈ ಕಿತ್ತುಬಂದವು.

ತೊಡಕಾದದ್ದು ಸಗಣಿಯದು. ಮಕ್ಕಳು ದಿನಾ ಮುಂಜಾನೆ ಮನೆಯಿಂದ ಒಂದೊಂದು ಬುಟ್ಟಿ ತರಬೇಕೆಂದು ಮಾತಾಗಿತ್ತು. ಮೂರು ದಿನ ತಂದರು. ನಾಲ್ಕನೆಯ ದಿನ ಆ ಹುಡುಗಿಯ ತಾಯಿ ಶಾಲೆಯ ಗೇಟಿಗೇ ಬಂದಳು.

"ಏನ್ರಿ ಮಾಸ್ತರ, ಸಾಲಿಗೆ ಹುಡುಗೂರನ್ನ ಕಳಸೂದು ಶಾಣ್ಯಾ ಆಗಲಿ ಅಂತ. ನೀವು ನೋಡಿದರ ನಮ್ಮ ಕೊಟ್ಟಿಗಿ ಖಾಲಿ ಮಾಡಾಕ ಹತ್ತೀರಿ! ನಾ ಕುಳ್ಳ ಯಾತರಲೆ ಬಡೀಲಿ?"

ಮಗಳೇ ಮುಂದೆ ಬಂದಳು. "ಯವ್ವಾ, ಒಂದ ಬುಟ್ಟಿ ತರತೇನಿ, ಹೊಳ್ಳಿ ಒಂದ ಬುಟ್ಟಿ ಗೊಬ್ಬರ ಒಯ್ದ ಕೊಡತೇನಿ. ಹಿತ್ತಲದಾಗಿನ ಬದನಿಕಾಯಿಗೆ ಹಾಕ ನೀ. ಬರಲಿಲ್ಲಂದ್ರ ಆಗ ಮಾಸ್ತರನ್ನ ಬೈಯಿ."

"ಬೈತೇನಿ ಮತ್ತ. ಬಿಡೂದಿಲ್ಲ," ಎಂದು ಅವಳು ನನ್ನತ್ತ ನೋಡಿಯೇ ಹೇಳಿ ಹೋದಳು. ಮರುದಿನ ಬುಟ್ಟಿ ಬಂತು.

ಕುಣಿ ತುಂಬಿತು. ಸಗಣಿಗೆ ಸಮನಾಗಿ ನೀರು ಬೆರೆಸಿ, ಕಸಕಡ್ಡಿ ಆರಿಸಿ, ತುಳಿದು ಬಿಟ್ಟೆವು. ಮಕ್ಕಳು ದಿನಾ ಪ್ರಾರ್ಥನೆಗೆ ಮುಂಚೆ ಹೋಗಿ ಇಣುಕುವರು. ಏನೂ ಇಲ್ಲ. ಒಂದು ಮುಂಜಾನೆ ಬೋರ್ಡಿಂಗಿನ ಹುಡುಗರು ಓಡಿಬಂದು ನನ್ನ ಖೋಲಿಯ ಬಾಗಿಲು ಬಡಿದರು. "ಸರ, ಡ್ರಮ್ಮ ಎದ್ದೈತ್ರಿ!"

ಹೋಗಿ ನೋಡಿದರೆ ನಿಜ. ಅಷ್ಟು ಜನರ ಕೈ ಸೋಲಿಸಿದ ಆ ಕಬ್ಬಿಣ, ಯಾರೂ ಮುಟ್ಟದೆ, ಸದ್ದಿಲ್ಲದೆ ಮೊಣಕಾಲೆತ್ತರ ಮೇಲೆದ್ದು ನಿಂತಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಒಬ್ಬ ಹುಡುಗ ಚಪ್ಪಲಿ ಬಿಟ್ಟು ಕೈಮುಗಿದ. ನಾನು ಬೇಡವೆನ್ನಲಿಲ್ಲ. ಪುಸ್ತಕದಲ್ಲಿ ಒಂದೂವರೆ ಸಾಲಿದ್ದ ಸಂಗತಿ, ಎದುರಿಗೆ ಬಂದಾಗ ಇಷ್ಟು ದೊಡ್ಡದಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವತ್ತೇ ಕಮಿಟಿಯವರನ್ನು ಕರೆದೆವು. ಡ್ರಮ್ಮಿನ ಮೇಲಿನ ನಳ ತಿರುವಿ ಕಡ್ಡಿ ಗೀರಿದೆ. ಕಡ್ಡಿ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು.

"ಮಾಸ್ತರ, ಬೆಂಕಿ ಹಚ್ಚೂ ಗ್ಯಾಸೋ ಆರಸೂ ಗ್ಯಾಸೋ?" ಎಂದರು ಕಮಿಟಿಯ ಹಿರಿಯರು. ನಕ್ಕು ಎದ್ದುಹೋದರು.

ಮೊದಲ ಸಲ ತುಂಬುವ ಗಾಳಿಯಲ್ಲಿ ಉರಿಯದ ಇಂಗಾಲಾಮ್ಲವೇ ಹೆಚ್ಚು; ಅದನ್ನು ಪೂರ್ತಿ ಬಿಟ್ಟುಬಿಡಬೇಕು. ಆ ರಾತ್ರಿ ಪುಸ್ತಕ ತಿರುವಿದಾಗ ಇದು ಸಿಕ್ಕಿತು. ಮರುದಿನ ನಳ ಬಿಚ್ಚಿದೆವು. ಡ್ರಮ್ಮು ಇಳಿಯುತ್ತ ಇಳಿಯುತ್ತ ಮತ್ತೆ ತಳಕ್ಕೆ ಹೋಗುವುದನ್ನು ಮಕ್ಕಳು ಸುತ್ತ ನಿಂತು ನೋಡಿದರು. ಹುಡುಗಿಯ ಕಣ್ಣಲ್ಲಿ ನೀರು. "ಎಲ್ಲಾ ಬಿಟ್ಟಬಿಡೂದೇನ್ರಿ ಸರ? ದೀಪಾವಳಿ ಬಂತಲ್ರಿ." "ಬುಟ್ಟಿ ತರೂದ ಬಿಡಬ್ಯಾಡವಾ" ಎಂದಷ್ಟೇ ಅಂದೆ.

ಬಿಡಲಿಲ್ಲ. ಡ್ರಮ್ಮು ಮತ್ತೆ ಎದ್ದಿತು, ಈ ಸಲ ಇನ್ನೂ ಬೇಗ. ಹೊಸ ಅಡುಗೆಯವನಿಗೆ ಆಗಲೇ ಹೇಳಿ ಕಳಿಸಿಯಾಗಿತ್ತು; ಹಬ್ಬ ಆ ವಾರದಲ್ಲೇ ಇತ್ತು. ಆಯಿ ತನ್ನ ಸೀರೆಗಳನ್ನು ಗಂಟು ಕಟ್ಟಿಟ್ಟುಕೊಂಡಿದ್ದಳು.

ಒಳಗೆ ಹಚ್ಚಿದರೆ ಸಿಡಿದೀತೆಂದು ಹೆಡ್‍ಮಾಸ್ತರರಿಗೆ ಅಂಜಿಕೆ. ಅದಕ್ಕೆ ಡ್ರಮ್ಮಿನ ಜೊತೆ ಬಂದಿದ್ದ ಗ್ಯಾಸಿನ ಒಲೆಯನ್ನು ನಳಕ್ಕೆ ಜೋಡಿಸಿ ಅಂಗಳದ ಕಟ್ಟೆಯ ಮೇಲೆ ಇಟ್ಟೆವು. ನಡುಮಧ್ಯಾಹ್ನ, ಸುಡುವ ಬಿಸಿಲು. ಕಡ್ಡಿ ಗೀರಿ ಹಿಡಿದೆ. ಬುಸ್ ಎಂದು ಸಣ್ಣ ಸದ್ದಾಯಿತು, ಅಷ್ಟೇ. ಒಲೆಯ ಮೇಲೆ ಏನೂ ಕಾಣಲಿಲ್ಲ.

"ಹತ್ತಲಿಲ್ಲ ಬಿಡ್ರಿ," ಎಂದರು ಹೆಡ್‍ಮಾಸ್ತರರು. ದನಿಯಲ್ಲಿ ನಗುವಿರಲಿಲ್ಲ. ಮಕ್ಕಳು ತಲೆ ತಗ್ಗಿಸಿದರು.

ಆಯಿ ಎಲ್ಲರನ್ನೂ ಸರಿಸಿ ಮುಂದೆ ಬಂದಳು. ರೊಟ್ಟಿ ಸುಡುವ ಹಂಚು ಕಾದಿದೆಯೋ ನೋಡುವವರಂತೆ ಒಲೆಯ ಮೇಲೆ ಅಂಗೈ ಹಿಡಿದಳು, ತಟ್ಟನೆ ಹಿಂದೆಳೆದುಕೊಂಡಳು.

"ಯವ್ವಾ! ಉರಿ ಐತ್ರಿ ಇಲ್ಲೆ. ಜೋರ ಐತಿ!"

ನನಗೆ ಥಟ್ಟನೆ ಹೊಳೆಯಿತು. "ಕಂಬಳಿ ತರ್ರೋ!" ಎಂದು ಕೂಗಿದೆ. ಹುಡುಗರು ಹಾಸಿಗೆಯ ಕಂಬಳಿ ತಂದು ನಾಲ್ಕೂ ಮೂಲೆ ಹಿಡಿದು ಒಲೆಯಿಂದ ಎತ್ತರದಲ್ಲಿ ಚಪ್ಪರದಂತೆ ಎತ್ತಿದರು. ನೆರಳು ಬಿತ್ತು. ನೆರಳಿನಲ್ಲಿ ಉರಿ ಕಂಡಿತು.

ಅಗಸಿ ಹೂವಿನಂಥ ನೀಲಿ. ಸಾಲಾಗಿ, ಒತ್ತೊತ್ತಾಗಿ, ಒಂದಿಷ್ಟೂ ಅಲುಗದೆ ನಿಂತಿತ್ತು. ಹೊಗೆ ಇಲ್ಲ, ಕಿಡಿ ಇಲ್ಲ, ವಾಸನೆ ಇಲ್ಲ. ದನದ ಕೊಟ್ಟಿಗೆಯಿಂದ ಬುಟ್ಟಿ ಹೊತ್ತು ತಂದ ಮಕ್ಕಳು ಒಬ್ಬೊಬ್ಬರಾಗಿ ಕಂಬಳಿಯ ಕೆಳಗೆ ತಲೆ ತೂರಿಸಿ ನೋಡಿದರು. ಒಳಗೆ ಹೋಗುವಾಗ ಇದ್ದ ಗದ್ದಲ ಹೊರಗೆ ಬರುವಾಗ ಇರುತ್ತಿರಲಿಲ್ಲ. ಹೆಡ್‍ಮಾಸ್ತರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಬಗ್ಗಿದರು, ಬಹಳ ಹೊತ್ತು ಬಗ್ಗಿಯೇ ಇದ್ದರು. ಹುಡುಗಿ ನನ್ನ ಪಕ್ಕದಲ್ಲಿ ಪಿಸುಗುಟ್ಟಿದಳು. "ಸರ, ಇದು ನಮ್ಮ ಎಮ್ಮೀದೇನ್ರಿ?"

"ನಿಮ್ಮ ಎಮ್ಮೀದವಾ."

ನನ್ನ ಸರದಿ ಬಂದಾಗ ನಾನೂ ಬಗ್ಗಿದೆ. ಪರೀಕ್ಷೆಯಲ್ಲಿ ಅದರ ಹೆಸರು ಬರೆದು ಪಾಸಾಗಿದ್ದವನು ನಾನು. ಅದನ್ನು ಅವತ್ತು ಮೊದಲ ಸಲ ಕಂಡೆ.

"ನೋಡೂದ ಆತಿಲ್ಲೋ? ಹಂಚ ತರ್ರಿ. ಉರಿ ದಂಡ ಹೊಂಟೈತಿ," ಎಂದಳು ಆಯಿ. ಮೊದಲ ರೊಟ್ಟಿ ಬೇಯುತ್ತಿದ್ದಂತೆ ಹೆಡ್‍ಮಾಸ್ತರರು ಜವಾನನನ್ನು ಕರೆದು, ಹೊಸ ಅಡುಗೆಯವನಿಗೆ ಬರುವುದು ಬೇಡವೆಂದು ತಿಳಿಸಿ ಬಾ ಎಂದರು.

ಹಬ್ಬದ ಮುಂಜಾನೆ ಒಲೆಯನ್ನು ಒಳಗೆ ಕೂಡಿಸಿದೆವು. ಅದುವರೆಗೆ ಹೊಗೆಗೆ ಹೆದರಿ ಹುಡುಗರು ಕಿಟಕಿಯಲ್ಲಿ ತಾಟು ಚಾಚಿ ರೊಟ್ಟಿ ಇಸಿದುಕೊಂಡು ಹೊರಗೇ ಕೂತು ಉಣ್ಣುತ್ತಿದ್ದರು. ಅವತ್ತು ಎಲ್ಲರೂ ಒಳಗೇ ಬಂದು ಸುತ್ತ ಕೂತರು. ಕಳೆದುಹೋದ ದೃಷ್ಟಿ ಆಯಿಗೆ ಮರಳಿ ಬರುವಂತಿರಲಿಲ್ಲ, ಅದನ್ನು ಡಾಕ್ಟರು ಮೊದಲೇ ಹೇಳಿದ್ದರು. ಉಳಿದದ್ದು ಉಳಿದಿತ್ತು. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿ, ಹತ್ತಿರ ಕೂತಿದ್ದ ಹುಡುಗನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು.

"ದಿನಾ ಕಿಟಕ್ಯಾಗ ನಿಂತ ಇನ್ನೊಂದ ಹಾಕ ಆಯಿ ಅಂತ ಒದರಾಂವ ನೀನ ಏನಲೇ?"

"ಹೂಂನ ಆಯಿ."

"ನಾ ಯಾವನೋ ಪೈಲವಾನ ಅಂತ ತಿಳದಿದ್ನೆಪಾ. ಇಷ್ಟ ಸಣ್ಣಾಂವ ಅದಿಯಲ್ಲೋ!" ಎಂದು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಆಚೆ ಕೂತಿದ್ದವನ ಗದ್ದಕ್ಕೆ ಕೈ ಚಾಚಿದಳು.