ಹದಿಮೂರು ಲೋಟದ ಪೆಟ್ಟಿಗೆ

ನಮ್ಮ ಮನೆಯವರು ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದರು. ಗಾಜಿನ ಲೋಟ ಜೋಡಿಸುವ ಪೆಟ್ಟಿಗೆ. ಒಳಗೆ ಗೂಡುಗಳು, ಗೂಡಿಗೊಂದು ಲೋಟ. ಇಷ್ಟು ಲೋಟ ಎಂದರೆ ಸಾಕು, ಎಷ್ಟು ಸಾಲು, ಸಾಲಿಗೆ ಎಷ್ಟು ಎಂದು ಹೇಳುತ್ತಿದ್ದರು. ಹನ್ನೆರಡಕ್ಕೆ ಎರಡು ಸಾಲು, ಆರಾರು; ಇಲ್ಲವೇ ಮೂರು ಸಾಲು, ನಾಲ್ಕು ನಾಲ್ಕು.

"ಹನ್ನೆರಡು ಒಳ್ಳೇ ಮನೆತನದ್ದು ಕಣೇ. ಹೇಗೆ ಕೂರಿಸಿದ್ರೂ ಕೂರುತ್ತೆ" ಎನ್ನುತ್ತಿದ್ದರು. ನನ್ನನ್ನು ಒಂದು ದಿನವೂ ಹಾಗೆ ಹೊಗಳಿದವರಲ್ಲ.

ಮನೆಯಲ್ಲೂ ಅದೇ ಚಾಳಿ. ಅವರು, ನಾನು, ಅತ್ತೆ, ಮೈದುನ, ಇಬ್ಬರು ಹೆಣ್ಣುಮಕ್ಕಳು, ಒಟ್ಟು ಆರು ಜನ. ಊಟಕ್ಕೆ ಎದುರುಬದುರು ಮೂರು ಮೂರು. ನನ್ನ ಎದುರಿಗೆ ಅವರು. ನೆಂಟರೊಬ್ಬರು ಬಂದು ಏಳಾದರೆ ಇವರಿಗೆ ತುತ್ತು ಇಳಿಯುತ್ತಿರಲಿಲ್ಲ. ಪಕ್ಕದ ಮನೆಯವನನ್ನು ಕರೆದು ಎಂಟು ಮಾಡುತ್ತಿದ್ದರು. ಅವನೂ ಅದಕ್ಕೇ ಕಾಯುತ್ತಿದ್ದ.

ಒಂದು ಸಲ ಲೋಟದಂಗಡಿಯ ಸಾಹುಕಾರರು, ಹನ್ನೆರಡು ಲೋಟ ಕೊಂಡರೆ ಒಂದು ಬಿಟ್ಟಿ ಎಂದು ಬೋರ್ಡು ಹಾಕಿಸಿದರು. ಹದಿಮೂರರ ಪೆಟ್ಟಿಗೆ ಬೇಕಾಯಿತು.

"ಹದಿನಾಲ್ಕು ಗೂಡು ಮಾಡಯ್ಯಾ. ಒಂದು ಖಾಲಿ ಇರಲಿ."

"ಖಾಲಿ ಗೂಡು ನೋಡಿದೋರು ನಾವೇ ಒಂದು ಕದ್ದಿದ್ದೀವಿ ಅಂತಾರೆ, ಸಾಹುಕಾರ್ರೇ."

ಇವರು ತಮಗೆ ಸರಿ ಕಂಡದ್ದನ್ನೇ ಮಾಡಿದರು. ಒಂದೇ ಸಾಲು, ಹದಿಮೂರು ಗೂಡು. ಗಿರಾಕಿಯೊಬ್ಬ ಅದನ್ನು ಸ್ಕೂಟರಿಗೆ ಅಡ್ಡ ಕಟ್ಟಿಕೊಂಡು ಹೋಗಿ ಗಲ್ಲಿಯ ಬಾಯಲ್ಲಿ ಎರಡೂ ಗೋಡೆಗೆ ಸಿಕ್ಕಿಕೊಂಡ. ಹದಿಮೂರೂ ಪುಡಿ. ಚೂರು ತಂದು ಸಾಹುಕಾರರ ಮೇಜಿನ ಮೇಲೆ ಸುರಿದ.

"ಪೆಟ್ಟಿಗೆ ಮಾಡು ಅಂದ್ರೆ ಏಣಿ ಮಾಡಿದ್ದೀಯಲ್ಲಯ್ಯಾ! ನಾಳೆ ಸರಿಯಾದ್ದು ತಾ. ಇಲ್ಲಾಂದ್ರೆ ಬರಲೇಬೇಡ" ಎಂದರು ಸಾಹುಕಾರರು.

ಸಂಜೆ ಹದಿಮೂರು ಲೋಟ ಮನೆಗೆ ತಂದು ನೆಲದ ಮೇಲೆ ಜೋಡಿಸುತ್ತ ಕೂತರು. ಎರಡೆರಡು ಇಟ್ಟರು, ಒಂದು ಉಳಿಯಿತು. ಮೂರು ಮೂರು ಇಟ್ಟರು, ಒಂದು ಉಳಿಯಿತು. ನಾಲ್ಕಕ್ಕೂ ಒಂದು. ಐದೈದು ಇಟ್ಟರೆ ಮೂರು ಉಳಿದವು. ಆರಕ್ಕೆ ಮತ್ತೆ ಒಂದು.

"ಒಂದ್ಸಲ ಬೈದು ನೋಡೋ. ಹೆದರಿ ಕೂತರೂ ಕೂತಾವು" ಎಂದರು ಅತ್ತೆ.

ಉಳಿದ ಲೋಟ ಎತ್ತಿಕೊಂಡು ನಾನು ನೀರು ಕುಡಿದೆ. "ಈಗ ಜೋಡ್ಸಿ ನೋಡೋಣ."

ಹನ್ನೆರಡು ಕೂತವು. ಹದಿಮೂರನೆಯದಕ್ಕೆ ಕಾಗದ ಸುತ್ತಿ ಮುಚ್ಚಳದ ಮೇಲೆ ದಾರ ಹಾಕಿ ಕಟ್ಟಿ ಎಂದೆ. ಸಾಹುಕಾರರು ಕುಣಿದರು. ಬಿಟ್ಟಿ ಲೋಟ ಕಣ್ಣಿಗೆ ಬಿದ್ದರೆ ತಾನೇ ಗಿರಾಕಿ ಬೀಳುವುದು? ಕೆಲಸ ಉಳಿಯಿತು. ಇವರು ಮಾತ್ರ ಕಟ್ಟುವಾಗಲೆಲ್ಲ, "ಪಾಪ, ಅದೊಂದು ಹೊರಗೆ" ಎನ್ನುತ್ತಿದ್ದರು.

"ಲೋಟಕ್ಕೆ ಪಾಪ ಅಂತೀರಿ. ನನಗೆ ಒಂದಿನ ಅಂದಿದ್ದೀರಾ?" ಎಂದು ನಾನು ರೇಗುತ್ತಿದ್ದೆ.

ಹೋದ ತಿಂಗಳು ಅವರು ಹೋದರು. ಎದೆ ಹಿಡಿದುಕೊಂಡಿದೆ ಎಂದರು, ಮಲಗಿದರು, ಏಳಲಿಲ್ಲ.

ಈಗ ಐದು ಜನ. ಊಟಕ್ಕೆ ಕೂತರೆ ನನ್ನ ಎದುರಿನ ಜಾಗ ಖಾಲಿ. ಅದನ್ನು ನೋಡುತ್ತ ಉಣ್ಣಲು ನನ್ನಿಂದ ಆಗಲಿಲ್ಲ. ತಟ್ಟೆ ಹಾಗೆಯೇ ಎತ್ತಿಡುತ್ತಿದ್ದೆ. ಅತ್ತೆ ನೋಡಿದರು. ಅವರೂ ಮಗನನ್ನು ಕಳೆದುಕೊಂಡವರು.

"ನೀನು ಆಮೇಲೆ ಉಣ್ಣೇ. ನಾವು ನಾಲ್ಕು ಜನ ಎರಡೆರಡು ಕೂರ್ತೀವಿ. ಆ ಜಾಗ ನಿನ್ನ ಕಣ್ಣಿಗೆ ಬೀಳಲ್ಲ."

ಒಳ್ಳೆಯದಕ್ಕೇ ಹೇಳಿದ್ದು. ಉಪಾಯವೂ ನನ್ನದೇ. ಆದರೂ ನಾನು ಒಪ್ಪಲಿಲ್ಲ.

"ಅತ್ತೆ, ನನ್ನನ್ನ ಮುಚ್ಚಳದ ಮೇಲೆ ಕಟ್ಟಬೇಡಿ" ಎಂದೆ.

ಚಿಕ್ಕ ಮಗಳು ಕೇಳಿದಳು, "ಐದಕ್ಕೆ ಅಪ್ಪ ಏನ್ ಮಾಡ್ತಿದ್ರು?"

ಇನ್ನೇನು ಮಾಡುತ್ತಿದ್ದರು? ಏಣಿ ಮಾಡುತ್ತಿದ್ದರು.

ಐದೂ ತಟ್ಟೆ ಗೋಡೆಗುಂಟ ಒಂದೇ ಸಾಲಿಗೆ ಇಟ್ಟೆ. ಕೋಣೆ ಸಾಕಾಗಲಿಲ್ಲ. ಮೈದುನನ ಒಂದು ಮಂಡಿ ಹೊಸಿಲು ದಾಟಿತು.

"ಅತ್ತಿಗೆ, ನಾನು ಒಳಗೋ ಹೊರಗೋ?"

"ತಟ್ಟೆ ಒಳಗಿದೆ. ಸುಮ್ನೆ ಉಣ್ಣಪ್ಪಾ."

"ಬಸ್ಸಿಗೆ ಕಾಯೋರ ಹಾಗೆ ಕೂತಿದ್ದೀವಲ್ಲೇ" ಎಂದರು ಅತ್ತೆ. ದೊಡ್ಡ ಮಗಳು ಕಿಸಕ್ಕೆಂದಳು.

ಈಗ ನನ್ನ ಎದುರಿಗೆ ಬರೀ ಗೋಡೆ. ಆ ದಿನ ಉಂಡೆ.