ತಿರುಪ್ಪೂರಿನಲ್ಲಿ ನಾನು ತೊಂಬತ್ತಾಗಿದ್ದ ಕಾಲ

ನನ್ನ ಎದೆಯ ಸುತ್ತಳತೆ ಸರಿಯಾಗಿ ತೊಂಬತ್ತು ಸೆಂಟಿಮೀಟರ್ ಎಂಬುದು ಇಪ್ಪತ್ತನಾಲ್ಕನೆಯ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಕೆಲಸ ಸಿಕ್ಕಿತು. ಕೆಲವು ತಿಂಗಳ ನಂತರ ಆ ಅಳತೆ ಸುಳ್ಳಾಯಿತು. ಆಗ ಏನೇನು ನಡೆಯಿತು ಎಂಬುದನ್ನು ಆತುರಪಡದೆ, ಕಂಡದ್ದನ್ನು ಕಂಡಷ್ಟೇ ಬರೆಯಲು ಪ್ರಯತ್ನಿಸುತ್ತೇನೆ. ಯಾರಾದರೂ ದರ್ಜಿ ಕೊರಳಿಗೆ ಟೇಪು ಹಾಕಿಕೊಂಡು ಎದುರು ಬಂದರೆ ಇಂದಿಗೂ ನನ್ನ ಎರಡೂ ಕೈ ತಾವಾಗಿಯೇ ಎದೆಯ ಮೇಲೆ ಬರುತ್ತವೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ತುಮಕೂರಿನ ಕಡೆಯಿಂದ ತಿರುಪ್ಪೂರಿಗೆ ಹೋದೆ. ಭೂಪಟದಲ್ಲಿ ಅದು ಪಕ್ಕದ ರಾಜ್ಯ; ನನ್ನ ಪಾಲಿಗೆ ಪರದೇಶ. ಬೋರ್ಡು ಓದಲು ಬಾರದು, ಬಸ್ಸು ಯಾವ ಕಡೆಗೆ ಹೋಗುತ್ತದೆಂದು ತಿಳಿಯದು, ಯಾರಾದರೂ ಬೈದರೂ ಹೊಗಳಿದರೂ ಒಂದೇ ರೀತಿ ಕೇಳಿಸುತ್ತಿತ್ತು. ಅಲ್ಲಿ ಬೀದಿಗೊಂದು ಬನಿಯನ್ ಕಂಪನಿ ಇದೆ, ಕೆಲಸ ಹುಡುಕಿಕೊಂಡು ಹೋದವರು ಯಾರೂ ವಾಪಸು ಬಂದಿಲ್ಲ ಎಂದು ಪರಿಚಯದವರೊಬ್ಬರು ನಮ್ಮ ಅಮ್ಮನಿಗೆ ಹೇಳಿದ್ದರು. ಧೈರ್ಯ ತುಂಬಲೆಂದು ಹೇಳಿದ ಮಾತು ಅದು. ಅಮ್ಮ ಎರಡು ದಿನ ಅತ್ತಳು.

ಉಳಿದುಕೊಂಡದ್ದು ಊರ ಅಂಚಿನ ಒಂದು ನೇಕಾರರ ಮನೆಯಲ್ಲಿ. ನಮಗೆ ದೂರದ ನೆಂಟರು. ಎಷ್ಟು ದೂರವೆಂದರೆ, ನಂಟು ವಿವರಿಸಲು ಹೊರಟವರು ನಡುವೆ ಒಮ್ಮೆ ನೀರು ಕುಡಿಯಬೇಕಾಗುತ್ತಿತ್ತು. ಹಲವು ತಲೆಮಾರಿನಿಂದ ಅಲ್ಲೇ ನೆಲೆ ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು, ಬರೆಯಲು ಮಾತ್ರ ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮನೆಗೆ ಹಿರಿಯರು ಒಬ್ಬ ಅಜ್ಜಿ. ಅವರ ಮಗ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಾನು ಅವರನ್ನು ಮಾವ ಎನ್ನುತ್ತಿದ್ದೆ.

ನಾನು ಹೋಗಿ ಇಳಿದ ದಿನವೇ ಅಜ್ಜಿ ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೊರಳೆಲುಬಿನ ಮೇಲಿನ ಗುಳಿಗೆ ತೋರುಬೆರಳನ್ನು ಇಳಿಬಿಟ್ಟರು. ಬೆರಳು ಒಂದೂವರೆ ಗೆಣ್ಣಿನಷ್ಟು ಒಳಗೆ ಹೋಯಿತು. ಮುದ್ದು ಬಂದರೆ ಅವರು ಯಾರನ್ನಾದರೂ ‘ಕಣ್ಣು’ ಎನ್ನುತ್ತಿದ್ದರು.

“ಏನು ಕಣ್ಣು ಇದು! ಎಣ್ಣೆ ಊತಿ ದೀಪ ಹಚ್ಚಬೋದು ಈ ಕುಳೀಲಿ!”

ಆ ಮನೆಗೊಂದು ಪದ್ಧತಿ ಇತ್ತು. ಹೊರಗಿನಿಂದ ಬಂದು ಉಳಿದವರ ಕೊರಳಿನ ಗುಳಿ ತುಂಬುವವರೆಗೆ ಅವರು ಊಟದಲ್ಲಿ ‘ಸಾಕು’ ಎನ್ನುವಂತಿಲ್ಲ. ಸಾಕು ಎನ್ನುವ ಹಕ್ಕು ಬಡಿಸುವವರದು. ಮೊದಲ ದಿನ ಇದು ತಿಳಿಯದೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದೆ. ಅಜ್ಜಿ ಅಂಗೈಯ ಮೇಲೆಯೇ ಸಾರು ಹೊಯ್ದರು. ಪ್ರತಿ ಶನಿವಾರ ನನ್ನ ಎಣ್ಣೆ ಸ್ನಾನ ಮುಗಿದ ಮೇಲೆ ಬೆರಳು ಇಳಿಬಿಟ್ಟು ನೋಡುತ್ತಿದ್ದರು. ನನ್ನಿಂದಲೇ ಅಮ್ಮನಿಗೆ ಒಂದು ಕಾಗದವನ್ನೂ ಬರೆಸಿದರು: “ನಿನ್ನ ಮಗನ್ನ ಕುಳಿ ತುಂಬ್ಸಿ ಕಳಿಸ್ತೀನಿ, ಇದು ನಾನು ಕೊಟ್ಟ ಮಾತು ಅಂತ ಬರಿ.” ಬರೆದೆ.

ಕೆಲಸ ಮಾತ್ರ ಐದು ವಾರವಾದರೂ ಸಿಗಲಿಲ್ಲ. ‘ಆಳು ಬೇಕು’ ಎಂಬುದನ್ನು ಮಾವ ತಮಿಳಿನಲ್ಲಿ ಒಂದು ರಟ್ಟಿನ ಚೂರಿನ ಮೇಲೆ ಬರೆದುಕೊಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದು ಗೇಟುಗೇಟಿಗೂ ಹೋಗಿ, ಅಲ್ಲಿ ತೂಗುಹಾಕಿದ ಹಲಗೆಯ ಅಕ್ಷರಗಳೊಂದಿಗೆ ಒಂದೊಂದಾಗಿ ಹೋಲಿಸಿ ನೋಡುತ್ತಿದ್ದೆ. ಹೋಲಿಕೆ ಸರಿಬಂದರೆ ಒಳಗೆ ಹೋಗುತ್ತಿದ್ದೆ. ಅಲ್ಲಿ ಏನೋ ಕೇಳುತ್ತಿದ್ದರು. ಪ್ರಶ್ನೆ ಅರ್ಥವಾಗದೆ, ನನಗೆ ಬರುತ್ತಿದ್ದ ಒಂದೇ ತಮಿಳು ಮಾತನ್ನು ಹೇಳುತ್ತಿದ್ದೆ: “ತೆರಿಯಾದು.” ಗೊತ್ತಿಲ್ಲ ಎಂದರ್ಥ. ಹೊಲಿಗೆ ಗೊತ್ತೇ? ತೆರಿಯಾದು. ಇಸ್ತ್ರಿ? ತೆರಿಯಾದು. ಇಷ್ಟು ಪ್ರಾಮಾಣಿಕವಾಗಿ ಏನೂ ಗೊತ್ತಿಲ್ಲದ ಮನುಷ್ಯನನ್ನು ಅವರು ನೋಡಿರಲಿಲ್ಲವೆಂದು ತೋರುತ್ತದೆ; ಕೆಲವರು ಕೂರಿಸಿ ಚಹಾ ಕೊಟ್ಟು ಕಳಿಸಿದರು.

ಸಂಜೆ ಮಾವ ಮಗ್ಗದಿಂದ ಏಳುತ್ತಲೇ ಶುರುಮಾಡುತ್ತಿದ್ದರು: “ಏನಪ್ಪಾ, ಇವತ್ತು ಎಷ್ಟು ಗೇಟು? ಹಿಂಗೆ ನೋಡ್ತಾ ಹೋದ್ರೆ ಗೇಟು ಮಾಡೋ ಕೆಲ್ಸವಾದ್ರೂ ಸಿಕ್ಕುತ್ತೆ ಬಿಡು.”

“ಚುಮ್ಮನಿರೊ,” ಎಂದು ಅಜ್ಜಿ ಮಗನ ಬಾಯಿ ಮುಚ್ಚಿಸಿ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕುತ್ತಿದ್ದರು.

ಆರನೆಯ ವಾರ ಒಂದು ಗೇಟಿನಲ್ಲಿ ಎಂದಿನಂತೆ ರಟ್ಟು ಹಿಡಿದು ಅಕ್ಷರ ಹೋಲಿಸುತ್ತಿದ್ದೆ. ಒಳಗಿನಿಂದ ಕಿವಿಯ ಸಂದಿಯಲ್ಲಿ ಸೀಮೆಸುಣ್ಣ ಸಿಕ್ಕಿಸಿಕೊಂಡ ಹಿರಿಯರೊಬ್ಬರು ಬಂದರು. ಆ ಕಂಪನಿಯ ಕಟಿಂಗ್ ಮಾಸ್ಟರ್. ಅವರು ನನ್ನ ಮುಖ ನೋಡಲಿಲ್ಲ, ಕಂಕುಳು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕೈಹಿಡಿದು ಒಳಗೆ ಕರೆದೊಯ್ದು, “ಸಟ್ಟೆಯ ಕಳಟ್ಟುಂಗ ತಂಬಿ” ಎನ್ನುತ್ತ ನನ್ನ ಅಂಗಿಯ ಗುಂಡಿ ತೋರಿಸಿದರು. ಈ ಊರಿನಲ್ಲಿ ಹಿರಿಯರೆಲ್ಲ ಗುಂಡಿಯಿಂದಲೇ ಪರಿಚಯ ಆರಂಭಿಸುತ್ತಾರೆಂದು ತಿಳಿದು ಬಿಚ್ಚಿದೆ. ಟೇಪು ಎದೆಯನ್ನು ಸುತ್ತಿತು. ಅವರು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ನೋಡಿ, “ತೊಣ್ಣೂರು!” ಎಂದು ಕೂಗಿದರು; ತೊಂಬತ್ತು ಎಂದರ್ಥ. ಹೊಲಿಗೆ ಮಿಷನ್ನುಗಳು ನಿಂತವು. ಜನ ಎದ್ದುಬಂದು ನನ್ನನ್ನು ನೋಡಿದರು. ಒಬ್ಬ ಕೈ ಮುಗಿದ.

ಆಮೇಲೆ ನಿಧಾನವಾಗಿ ವಿಷಯ ತಿಳಿಯಿತು. ಮಾಸ್ಟರರಿಗೆ ಟೇಪಿನ ಮೇಲೆ ನಂಬಿಕೆ ಇರಲಿಲ್ಲ. ಅವರು ತಮಿಳಿನಲ್ಲಿ ಹೇಳುತ್ತಿದ್ದುದು ಹೀಗೆ: “ಬನಿಯನ್ ಬಟ್ಟೆ ಎಳೆದ್ರೆ ಉದ್ದ, ಬಿಟ್ರೆ ಗಿಡ್ಡ. ಅದರ ಮೇಲೆ ಟೇಪು ಇಟ್ರೆ ಅದೂ ಅದರ ಜೊತೆ ಸೇರಿ ಸುಳ್ಳು ಹೇಳುತ್ತೆ. ಮೈ ಸುಳ್ಳು ಹೇಳಲ್ಲ.” ಹಾಗಾಗಿ ಆ ಕಂಪನಿಯಲ್ಲಿ ಪ್ರತಿ ಸೈಜಿಗೂ ಒಂದು ಮೈ ಇತ್ತು. ವಾಚ್‌ಮನ್ ಎಂಬತ್ತೈದು. ಗುಮಾಸ್ತರು ತೊಂಬತ್ತೈದು. ಮುದಲಾಳಿ, ಎಂದರೆ ಕಂಪನಿಯ ಮಾಲೀಕರು, ನೂರು. ಹೊಸ ಬಟ್ಟೆ ಕತ್ತರಿಸಿ ಹೊಲಿದಾಗ ಮೊದಲ ಬನಿಯನ್ನನ್ನು ಆಯಾ ಮೈಗೆ ತೊಡಿಸಿ, ಕಂಕುಳಿನ ಬಳಿ ಎರಡು ಬೆರಳು ತೂರಿಸಿ, ಅದಕ್ಕೆ ತಕ್ಕಂತೆ ರಟ್ಟಿನ ನಮೂನೆಯನ್ನು ಹಿಗ್ಗಿಸುವುದೋ ಕುಗ್ಗಿಸುವುದೋ ಮಾಡುತ್ತಿದ್ದರು. ನನಗಿಂತ ಹಿಂದಿನ ತೊಂಬತ್ತಿಗೆ ಮದುವೆಯಾಗಿ ಆರೇ ತಿಂಗಳಲ್ಲಿ ಬನಿಯನ್ ಬಿಗಿಯಾಯಿತು. ಅವನನ್ನು ಬಿಡಿಸಿ ಕಳಿಸಿದ್ದರು. ಆ ಜಾಗಕ್ಕೆ ನಾನು ಸಿಕ್ಕಿದ್ದೆ. ಉಳಿದ ಹೊತ್ತು ಬನಿಯನ್ ಮಡಿಚಿ ಡಬ್ಬಿಗೆ ಹಾಕುವುದು. ನನ್ನನ್ನು ಎಲ್ಲರೂ ತೊಂಬತ್ತು ಎಂದೇ ಕರೆಯುತ್ತಿದ್ದರು.

ಅಮ್ಮನಿಗೆ ‘ಗುಣಮಟ್ಟ ಪರೀಕ್ಷೆಯ ವಿಭಾಗ’ ಎಂದು ಬರೆದೆ. ಅಜ್ಜಿಗೆ ಇದ್ದದ್ದನ್ನೇ ಹೇಳಿದೆ. ಹೇಳಬಾರದಿತ್ತು.

“ಒಡಂಬು ನೋಡಿ ಕೆಲ್ಸ ಕೊಟ್ರಾ?” ಒಡಂಬು ಎಂದರೆ ಮೈ. ಅಜ್ಜಿಯ ಕಣ್ಣು ಅರಳಿತು. “ಈ ಕಡ್ಡಿ ಒಡಂಬಿಗೇ ಕೊಟ್ರು ಅಂದ್ರೆ, ನಾನು ತುಂಬ್ಸಿದ ಮೇಲೆ ನೋಡು, ಮ್ಯಾನೇಜರೇ ಮಾಡ್ತಾರೆ!”

ಅಂದಿನಿಂದ ಕೊಳಂಬು ಎಂಬ ಅವರ ಹುಳಿಗೆ ಎಣ್ಣೆ ಹೆಚ್ಚಿತು. ಅನ್ನಕ್ಕೆ ತುಪ್ಪ ಬಂತು.

ಎರಡನೆಯ ತಿಂಗಳು ಹೊಸ ಬನಿಯನ್ ತೊಡಿಸಿ ಮಾಸ್ಟರರು ಕೇಳಿದರು: “ಪಿಡಿಕ್ಕುದಾ ತಂಬಿ?” ಹಿಡಿಯುತ್ತದೆಯೇ, ಬಿಗಿಯೇ ಎಂದು. ಕಂಕುಳಲ್ಲಿ ನಿಜವಾಗಿ ಹಿಡಿಯುತ್ತಿತ್ತು. ಹೌದೆಂದೆ. ಬಟ್ಟೆ ಒಗೆತಕ್ಕೆ ಕುಗ್ಗಿದೆ ಎಂದುಕೊಂಡು ಅವರು ನಮೂನೆಯನ್ನು ಸ್ವಲ್ಪ ಹಿಗ್ಗಿಸಿದರು. ನಾನೂ ಹಾಗೆಯೇ ಅಂದುಕೊಂಡೆ. ಮೂರನೆಯ ತಿಂಗಳು ಒಂದು ಬೆಳಿಗ್ಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಊರಿಂದ ತಂದ ಅಂಗಿಯ ಎರಡನೆಯ ಗುಂಡಿ ಸಿಡಿದು ಮಾವನ ಮಗ್ಗದೊಳಗೆ ಬಿತ್ತು. ಮಾವ ಅದನ್ನು ಎತ್ತಿ ಬೆಳಕಿಗೆ ಹಿಡಿದು, “ಗುಂಡಿಗೆ ಗೊತ್ತಾಗಿದೆ, ನಿನಗೆ ಯಾವಾಗ ಗೊತ್ತಾಗುತ್ತೆ?” ಎಂದರು.

ಅಂದೇ ಗೊತ್ತಾಯಿತು. ಕುಗ್ಗುತ್ತಿದ್ದುದು ಬಟ್ಟೆಯಲ್ಲ.

ಆ ದಿನಗಳ ಭಯವನ್ನು ಹೇಗೆ ವಿವರಿಸಲಿ? ಐದು ವಾರ ಅಲೆದು ಸಿಕ್ಕ ಒಂದೇ ಕೆಲಸ. ಅದು ನಿಂತಿದ್ದುದು ನನ್ನ ಎದೆಯ ಮೇಲೆ. ದಪ್ಪಗಾಗಿದ್ದೇನೆ ಎಂದರೆ ಹಿಂದಿನವನಂತೆ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಸಾಕು ಎಂದರೆ ಅಜ್ಜಿ ಅಮ್ಮನಿಗೆ ಕೊಟ್ಟ ಮಾತು ತಪ್ಪುತ್ತದೆ. ಮಾಸ್ಟರರು ಮತ್ತೆ “ಪಿಡಿಕ್ಕುದಾ?” ಎಂದಾಗ ‘ಇಲ್ಲ’ ಎಂಬ ಒಂದು ಸುಳ್ಳು ಹೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಅದು ಹಿಡಿಯುತ್ತಿತ್ತು. ಹಿಡಿಯುತ್ತದೆ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಮೂನೆ ಇನ್ನಷ್ಟು ಹಿಗ್ಗಿತು.

ಇದೇ ಹೊತ್ತಿಗೆ ಗುಮಾಸ್ತರು, ಅಂದರೆ ತೊಂಬತ್ತೈದು, ಪಳನಿಗೆ ನಡೆದು ಹೋಗುವ ಹರಕೆ ಹೊತ್ತು ದಿನಕ್ಕೆ ಒಂದೇ ಊಟ ಮಾಡುತ್ತಿದ್ದರು. ಅವರ ಬನಿಯನ್ ಜೋಲುತ್ತಿತ್ತು. ಮಾಸ್ಟರರು ಬೆರಳು ತೂರಿಸಿ, “ಲೂಸು” ಎಂದು ಆ ನಮೂನೆಯನ್ನು ಕುಗ್ಗಿಸುತ್ತಿದ್ದರು. ಒಂದು ಮೇಜಿನ ಮೇಲೆ ತೊಂಬತ್ತು ಹಿಗ್ಗುತ್ತಿತ್ತು, ಪಕ್ಕದ ಮೇಜಿನ ಮೇಲೆ ತೊಂಬತ್ತೈದು ಕುಗ್ಗುತ್ತಿತ್ತು. ನಾನು ಎರಡನ್ನೂ ಮಡಿಚಿ ಡಬ್ಬಿಗೆ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಧೈರ್ಯ ಮಾಡಿ, ಅಜ್ಜಿ ಹಿತ್ತಲಿನಲ್ಲಿದ್ದಾಗ ತಿಂಡಿ ತಿನ್ನದೆ ಕೆಲಸಕ್ಕೆ ಓಡಿದೆ. ಅದೇ ದಿನ ಮಡತ್ತುಕುಳಂನಿಂದ ಬಟ್ಟೆ ಅಂಗಡಿಯ ವ್ಯಾಪಾರಿಯೊಬ್ಬರು ಬಂದರು. ಒಂದು ಬನಿಯನ್ನನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಇನ್ನೊಂದನ್ನು ಹಾಸಿದರು.

“ಕೆಳಗಿರೋದು ತೊಂಬತ್ತು. ಮೇಲಿರೋದು ತೊಂಬತ್ತೈದು. ನೋಡುಂಗೊ ಮಾಸ್ಟರ್.”

ಕೆಳಗಿನದು ನಾಲ್ಕೂ ಕಡೆ ಹೊರಗೆ ಕಾಣುತ್ತಿತ್ತು.

“ಅಪ್ಪ ಮಗ ಇಬ್ಬರೂ ಬಂದು ತಗೊಂಡ್ರು. ಈಗ ಅಪ್ಪಂದು ಮಗ ಹಾಕ್ಕೋತಾನೆ, ಮಗಂದು ಅಪ್ಪ. ಊರೆಲ್ಲ ನಗುತ್ತೆ.”

ಮಾಸ್ಟರರು ಎರಡರ ಅಂಚನ್ನೂ ಬೆರಳಲ್ಲಿ ಸವರಿ ನೋಡಿದರು. ನಂತರ ಸೊರಗಿದ ದನಿಯಲ್ಲಿ, “ಟೇಪು ತನ್ನಿ” ಎಂದರು. ಟೇಪು ಹುಡುಕಲು ಸ್ವಲ್ಪ ಸಮಯ ಹಿಡಿಯಿತು. ಮುದಲಾಳಿಯೂ ಇಳಿದು ಬಂದರು. ನನ್ನನ್ನೂ ಗುಮಾಸ್ತರನ್ನೂ ಅಂಗಿ ಬಿಚ್ಚಿಸಿ ಪಕ್ಕಪಕ್ಕ ನಿಲ್ಲಿಸಿದರು. ಗುಮಾಸ್ತರು ತೊಂಬತ್ತು. ನಾನು ತೊಂಬತ್ತೈದು. ಉಸಿರು ಪೂರ್ತಿ ಹೊರಗೆ ಬಿಟ್ಟು ನಿಂತಿದ್ದೆ, ಆದರೂ ತೊಂಬತ್ತೈದು.

“ಮೈ ಸುಳ್ಳು ಹೇಳಲ್ಲ ಅಂತಿದ್ರಲ್ಲ ಮಾಸ್ಟರ್?” ಎಂದರು ಮುದಲಾಳಿ.

ಮಾಸ್ಟರರು ಉತ್ತರಿಸುವ ಮೊದಲೇ ಬಾಗಿಲಲ್ಲಿ ಅಜ್ಜಿ ಕಾಣಿಸಿದರು. ಕೈಯಲ್ಲಿ ನಾಲ್ಕು ಅಂತಸ್ತಿನ ಕ್ಯಾರಿಯರ್. ತಿಂಡಿ ಬಿಟ್ಟು ಬಂದವನನ್ನು ಕೇಳಿಕೊಂಡು, ಊರಿನ ಆ ತುದಿಯಿಂದ ನಡೆದೇ ಬಂದಿದ್ದರು. ಸೊಂಟದ ಮೇಲೆ ಬಟ್ಟೆಯಿಲ್ಲದೆ ನಿಂತ ನನ್ನನ್ನು ನೋಡಿ, ಮುದಲಾಳಿಯನ್ನು ದಾಟಿ ನೇರ ಬಂದು, ಗುಳಿಗೆ ಬೆರಳು ಇಳಿಬಿಟ್ಟರು.

“ಇನ್ನೂ ಅರ್ಧ ಗೆಣ್ಣು ಇದೆ,” ಎಂದರು ಮೊದಲು ಕನ್ನಡದಲ್ಲಿ ನನಗೆ, ಆಮೇಲೆ ತಮಿಳಿನಲ್ಲಿ ಎಲ್ಲರಿಗೂ.

ಮಾಸ್ಟರರು ಕೈಮುಗಿದರು. “ಅಮ್ಮಾ, ನೀವೇನಾ? ಸ್ವಲ್ಪ ಕಡಿಮೆ ಬಡಿಸಿ ತಾಯಿ. ನನ್ನ ತೊಂಬತ್ತು ಹಾಳಾಗಿಹೋಯಿತು.”

“ನಿನ್ನ ತೊಂಬತ್ತು ನನಗೆ ಯಾಕೆ? ಅವನ ಅವ್ವನಿಗೆ ಮಾತು ಕೊಟ್ಟಿದ್ದೀನಿ ನಾನು. ನೀನು ಬಟ್ಟೆ ಕತ್ತರಿಸು, ನಾನು ಅನ್ನ ಸೋರು ಹಾಕ್ತೀನಿ. ಒಬ್ಬರ ಕೆಲ್ಸಕ್ಕೆ ಒಬ್ಬರು ಬರೋದು ಬೇಡ.” ಆಗ ಅವರ ಕಣ್ಣು ಪಕ್ಕದಲ್ಲಿದ್ದ ಗುಮಾಸ್ತರ ಕೊರಳಿನ ಮೇಲೆ ಬಿತ್ತು. “ಅಯ್ಯೊ, ಇದು ಯಾರ ಮನೆ ಮಗ?”

ಗುಮಾಸ್ತರು ಅಂಗಿಯನ್ನು ಕೈಯಲ್ಲೇ ಹಿಡಿದು, “ಹರಕೆಯಮ್ಮಾ, ಹರಕೆ!” ಎನ್ನುತ್ತ ಬಟ್ಟೆಯ ಉರುಳೆಗಳ ಹಿಂದಕ್ಕೆ ಹೋದರು. ನಗಬೇಕೆಂದು ಯಾರೂ ನಕ್ಕದ್ದಲ್ಲ. ವ್ಯಾಪಾರಿಗೆ ಮೊದಲು ತಡೆಯಲಾಗಲಿಲ್ಲ, ಆಮೇಲೆ ಯಾರಿಗೂ.

ಮುದಲಾಳಿ ತೀರ್ಪು ಕೊಟ್ಟರು. ನಮೂನೆಗಳು ಹಳೆಯ ಅಳತೆಗೆ ಮರಳಬೇಕು. ಹರಕೆ ತೀರಿದರೂ ಮಿತವಾಗಿ ಉಣ್ಣುತ್ತೇನೆಂದು ಗುಮಾಸ್ತರು ಒಪ್ಪಿಕೊಂಡರೆ ಅವರು ತೊಂಬತ್ತು. ಉರುಳೆಗಳ ಹಿಂದಿನಿಂದಲೇ ಅವರು ಒಪ್ಪಿಕೊಂಡರು. ನಾನು ತೊಂಬತ್ತೈದು. ಇನ್ನು ಪ್ರತಿ ಸೋಮವಾರ ಟೇಪು. “ಆದ್ರೆ ನೋಡು ತಂಬಿ,” ಎಂದು ಅವರು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿದರು, “ಇದಾದ ಮೇಲಿನ ಸೈಜು ನಂದು. ಅಲ್ಲಿಗೆ ಬಂದ್ರೆ ನಿನಗಿಲ್ಲಿ ಜಾಗ ಇಲ್ಲ.”

ಕೆಲಸ ಉಳಿಯಿತು. ಅಮ್ಮನಿಗೆ ‘ಬಡ್ತಿ ಸಿಕ್ಕಿದೆ’ ಎಂದು ಬರೆದು, ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ಜೊತೆಗಿಟ್ಟು ಕಳಿಸಿದೆ. ಮುಂದಿನ ಶನಿವಾರ ಅಜ್ಜಿ ಬೆರಳಿಟ್ಟು ನೋಡಿ, “ಪರವಾಯಿಲ್ಲೆ. ನಿಮ್ಮವ್ವ ಒಪ್ಪಿದ್ರೆ ನಾನೂ ಒಪ್ದಂಗೆ” ಎಂದರು. ಅಂದು ಮೊದಲ ಬಾರಿ ಎರಡೇ ದೋಸೆ ಬಡಿಸಿದರು.

ಹತ್ತು ದಿನಕ್ಕೆ ಅಮ್ಮನ ಉತ್ತರ ಬಂತು. ಅಜ್ಜಿ, ಮಾವ ಇಬ್ಬರೂ ಚಾಪೆಯ ಮೇಲೆ ಕೂತು ಓದೆಂದರು. ಆ ಮನೆಯಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ. ದೇವರು, ಮಳೆ, ಎಮ್ಮೆ ಎಲ್ಲ ಮುಗಿದು ಕೊನೆಯ ಸಾಲಿಗೆ ಬಂದೆ. ಕಣ್ಣು ಮುಂದೆ ಹೋಗಿ ಅದನ್ನು ಓದಿ ಬಂದಿತ್ತು. ಬಿಟ್ಟುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನೂರು ಸೆಂಟಿಮೀಟರಿಗೆ ಇನ್ನು ಐದೇ ಉಳಿದಿತ್ತು.

“ಮುಂದೆ ಏನು ಬರೆದೌಳೆ, ಓದು ಕಣ್ಣು,” ಎಂದರು ಅಜ್ಜಿ.

ಓದಿದೆ. “ಫೋಟೋ ನೋಡಿದೆ. ಮಗ ತುಂಬ ಸೊರಗಿದ್ದಾನೆ.”

ಅಜ್ಜಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು.